ನಿದ್ದೆಗೆಂದು ಮಾರುವ ಗಮ್ಮಿ, ಮಾತ್ರೆ, ಚೂರ್ಣ: ಯಾವುದಕ್ಕೆ ದುಡ್ಡು ಕೊಡಬಹುದು?

ಜಯನಗರವೋ ಮಲ್ಲೇಶ್ವರವೋ, ಸ್ವಲ್ಪ ದೊಡ್ಡ ಮೆಡಿಕಲ್ಸ್‌ಗೆ ಹೋಗಿ 'ರಾತ್ರಿ ನಿದ್ದೆ ಹತ್ತೋದಿಲ್ಲ, ಏನಾದ್ರೂ ಕೊಡಿ' ಅಂದರೆ ಚೀಟಿ ಕೇಳದೆ ಕೌಂಟರಿನ ಮೇಲಿಡುವ ಸಾಮಾನು ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ: ಮೆಲಟೋನಿನ್ ಮಾತ್ರೆ ಅಥವಾ ಗಮ್ಮಿ (ಜಗಿದು ತಿನ್ನುವ ಸಿಹಿ ಜೆಲ್ಲಿ ತುಂಡು), ಮೆಗ್ನೀಸಿಯಮ್ ಕ್ಯಾಪ್ಸೂಲ್, ಅಶ್ವಗಂಧ, ತಗರ ಎಂಬ ಬೇರು, ಇಲ್ಲವೇ ಇವುಗಳಲ್ಲಿ ನಾಲ್ಕೈದನ್ನು ಬೆರೆಸಿದ 'ಸ್ಲೀಪ್' ಮಿಶ್ರಣ. ಹತ್ತೇ ನಿಮಿಷಕ್ಕೆ ಮನೆ ಬಾಗಿಲಿಗೆ ತರುವ ಆ್ಯಪ್‌ಗಳಲ್ಲೂ ಇದೇ ಪಟ್ಟಿ. ರಾತ್ರಿ ಒಂದು ಗಂಟೆಗೆ ಮಗ್ಗುಲು ಬದಲಾಯಿಸುತ್ತಾ ಫೋನಿನಲ್ಲೇ ಆರ್ಡರ್ ಮಾಡುವವರಿಗೆ ಡಬ್ಬದ ಹಿಂಬದಿಯ ಸಣ್ಣಕ್ಷರ ಓದುವ ತಾಳ್ಮೆ ಎಲ್ಲಿಂದ ಬರಬೇಕು? ಈ ವಿಮರ್ಶೆ ಆ ಸಣ್ಣಕ್ಷರದ್ದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮೆಲಟೋನಿನ್‌ಗೆ ನಿಜವಾದ ಕೆಲಸವೊಂದಿದೆ, ಆದರೆ ಬಹುತೇಕರು ಅದನ್ನು ಕೊಳ್ಳುವುದು ಆ ಕೆಲಸಕ್ಕಲ್ಲ. ಅಶ್ವಗಂಧದಿಂದ ಕೆಲವರಿಗೆ ಅಲ್ಪಸ್ವಲ್ಪ ಉಪಯೋಗವಿದೆ, ಅಪರೂಪಕ್ಕೆ ಕೆಲವರ ಲಿವರ್‌ಗೆ ಪೆಟ್ಟೂ ಬೀಳುತ್ತದೆ. ಮೆಗ್ನೀಸಿಯಮ್ ಕ್ಯಾಪ್ಸೂಲಿನ ದುಡ್ಡನ್ನು ರಾಗಿಗೆ ಹಾಕಿದರೆ ನಷ್ಟವೇನಿಲ್ಲ. ಮಿಶ್ರಣಗಳು ಬೇಡವೇ ಬೇಡ. ಅಲರ್ಜಿ ಮಾತ್ರೆಯನ್ನು ನಿದ್ದೆಗೆಂದು ನುಂಗುವ ಅಭ್ಯಾಸವನ್ನು, ಮುಖ್ಯವಾಗಿ ಅರವತ್ತು ದಾಟಿದವರು, ಇವತ್ತೇ ಬಿಡಬೇಕು.

ಮೆಲಟೋನಿನ್ ನಮ್ಮ ಮಿದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ ತಾನಾಗಿ ಸುರಿಸುವ ಹಾರ್ಮೋನು. 'ರಾತ್ರಿಯಾಯಿತು' ಎಂದು ಮೈಗೆಲ್ಲ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಹೊಡೆದು ಮಲಗಿಸುವ ಶಕ್ತಿ ಅದಕ್ಕಿಲ್ಲ. 2013ರಲ್ಲಿ ಹತ್ತೊಂಬತ್ತು ಅಧ್ಯಯನಗಳ 1,683 ಜನರ ಲೆಕ್ಕ ಒಟ್ಟುಗೂಡಿಸಿದಾಗ ಸಿಕ್ಕ ಉತ್ತರ ಇದು: ಮೆಲಟೋನಿನ್ ತೆಗೆದುಕೊಂಡವರಿಗೆ ಸುಮಾರು ಏಳು ನಿಮಿಷ ಬೇಗ ನಿದ್ದೆ ಹತ್ತಿತು, ಒಟ್ಟು ನಿದ್ದೆ ಎಂಟು ನಿಮಿಷ ಹೆಚ್ಚಿತು. ಎರಡು ಗಂಟೆ ಹೊರಳಾಡುವವರಿಗೆ ಏಳು ನಿಮಿಷ ಯಾವ ಮೂಲೆಗೆ? ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ನಿದ್ರಾಹೀನತೆಗೆ ಮೆಲಟೋನಿನ್ ಬೇಡ ಎಂದೇ ಸಲಹೆ ಕೊಟ್ಟಿತು. ಅದೇ ಸಾಲಿನಲ್ಲಿ ವಲೇರಿಯನ್ (ನಮ್ಮ ತಗರದ ಜಾತಿಯ ಬೇರು), ಪ್ರೋಟೀನಿನ ಒಂದು ಅಂಶವಾದ ಟ್ರಿಪ್ಟೋಫಾನ್, ಅಲರ್ಜಿ ಮಾತ್ರೆಯಾದ ಡೈಫೆನ್‌ಹೈಡ್ರಮೈನ್ ಕೂಡ ಇವೆ. ಸಾಕ್ಷ್ಯ ದುರ್ಬಲವಾದ್ದರಿಂದ ಸಲಹೆಯೂ ಗಟ್ಟಿಯಾದದ್ದಲ್ಲ ಎಂದು ಅವರೇ ಬರೆದಿದ್ದಾರೆ. ಆದರೂ ಆ ಪಟ್ಟಿ ಕೌಂಟರಿನ ಮೇಲಿನ ಸಾಮಾನಿಗೆ ಎಷ್ಟು ಹೊಂದುತ್ತದೆ ನೋಡಿ.

ಹಾಗಾದರೆ ಅದು ಕೈಹಿಡಿಯುವುದು ಎಲ್ಲಿ? ಒಳಗಿನ ಗಡಿಯಾರ ಹೊರಗಿನ ಗಡಿಯಾರಕ್ಕೆ ತಾಳೆಯಾಗದ ಕಡೆ. ಲಂಡನ್ನಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದವರಿಗೆ ಋತುವಿಗೆ ತಕ್ಕಂತೆ ನಾಲ್ಕೂವರೆ ಅಥವಾ ಐದೂವರೆ ಗಂಟೆಯ ವ್ಯತ್ಯಾಸ. ಐದು ಅಥವಾ ಹೆಚ್ಚು ಕಾಲವಲಯ ದಾಟಿದ ಪ್ರಯಾಣಿಕರ ಮೇಲೆ ನಡೆದ ಹತ್ತು ಪ್ರಯೋಗಗಳಲ್ಲಿ ಹೆಚ್ಚಿನವುಗಳಲ್ಲಿ ಮೆಲಟೋನಿನ್ ಜೆಟ್‌ಲ್ಯಾಗ್ ತಗ್ಗಿಸಿತು ಎಂದು 2002ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಸಂಸ್ಥೆ) ವಿಮರ್ಶೆ ಹೇಳಿತು. ಅದರಲ್ಲಿ ಎರಡು ವಿವರ ಮುಖ್ಯ. ಒಂದು, ಅರ್ಧ ಮಿಲಿಗ್ರಾಂನಿಂದ ಐದು ಮಿಲಿಗ್ರಾಂವರೆಗೆ ಕೆಲಸವಾಗುತ್ತದೆ, ಐದಕ್ಕಿಂತ ಮೇಲೆ ಹೋದರೆ ಹೆಚ್ಚಿನ ಲಾಭವಿಲ್ಲ. ಎರಡು, ತಲುಪಿದ ಊರಿನ ರಾತ್ರಿ ಹತ್ತರಿಂದ ಹನ್ನೆರಡರೊಳಗೆ ತೆಗೆದುಕೊಂಡರೆ ಮಾತ್ರ ಲಾಭ. ಹಗಲು ನುಂಗಿದರೆ ತೂಕಡಿಕೆ ಬರುತ್ತದೆ, ಹೊಂದಿಕೊಳ್ಳುವುದು ಇನ್ನಷ್ಟು ತಡವಾಗುತ್ತದೆ. ಅಂದರೆ ಬೆಂಗಳೂರಿಗೆ ಬಂದ ಮೊದಲ ನಾಲ್ಕೈದು ರಾತ್ರಿ ಮಲಗುವ ಹೊತ್ತಿಗೆ ಒಂದೊಂದು ಮಾತ್ರೆ, ಆಮೇಲೆ ನಿಲ್ಲಿಸಿ. ಪೂರ್ವದತ್ತ ಹಾರಿದಾಗ ಇದರ ಉಪಯೋಗ ಹೆಚ್ಚು.

ಎರಡನೆಯ ಕೆಲಸ, ರಾತ್ರಿ ಎರಡು ಮೂರು ಗಂಟೆಯವರೆಗೆ ಕಣ್ಣೇ ಕೂರದ, ಬೆಳಗ್ಗೆ ಹತ್ತಕ್ಕೆ ಮೊದಲು ಏಳಲಾಗದ 'ತಡ ಗಡಿಯಾರ'ದವರದು. ಕಾಲೇಜು ಹುಡುಗರಲ್ಲಿ ಇದು ಬಹಳ. ಇವರು ಮಲಗುವ ಹೊತ್ತಿಗೆ ಮಾತ್ರೆ ನುಂಗಿ 'ಏನೂ ಆಗಲಿಲ್ಲ' ಅನ್ನುತ್ತಾರೆ, ಕಾರಣ ಹೊತ್ತು ತಪ್ಪಿರುತ್ತದೆ. ಗಡಿಯಾರ ಹಿಂದಕ್ಕೆ ತರಬೇಕಾದರೆ ಸದ್ಯ ನಿದ್ದೆ ಹತ್ತುವ ಹೊತ್ತಿಗೆ ನಾಲ್ಕೈದು ಗಂಟೆ ಮೊದಲೇ, ಅರ್ಧದಿಂದ ಒಂದು ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣ ಸಾಕು. ಬೆಳಗ್ಗೆ ಎದ್ದ ಕೂಡಲೆ ಅರ್ಧ ಗಂಟೆ ಬಿಸಿಲಿಗೆ ಹೋಗಬೇಕು. ಮಾತ್ರೆ ನುಂಗಿ ಮೊಬೈಲನ್ನು ಮುಖಕ್ಕೆ ಹಿಡಿದು ಕೂತರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ, ಏಕೆಂದರೆ ಬೆಳಕೇ ಮೆಲಟೋನಿನ್‌ಗೆ ಶತ್ರು.

ರಾತ್ರಿ ಪಾಳಿಯವರ ಮಾತು ಬೇರೆ. ಮಾನ್ಯತಾ ಟೆಕ್ ಪಾರ್ಕಿನಿಂದಲೋ ಎಲೆಕ್ಟ್ರಾನಿಕ್ ಸಿಟಿಯಿಂದಲೋ ಬೆಳಗ್ಗೆ ಆರಕ್ಕೆ ಹೊರಟು ಹಗಲು ಮಲಗುವವರಿಗೆ ಮೆಲಟೋನಿನ್ ಸರಾಸರಿ ಇಪ್ಪತ್ತನಾಲ್ಕು ನಿಮಿಷದ ಹಗಲುನಿದ್ದೆ ಹೆಚ್ಚಿಸಿತು ಎಂದು 2014ರ ಇನ್ನೊಂದು ಕಾಕ್ರೇನ್ ವಿಮರ್ಶೆಯಲ್ಲಿದೆ, ಅದಕ್ಕಿರುವ ಸಾಕ್ಷ್ಯ ಮಾತ್ರ ತೆಳು. ಕಿಟಕಿಗೆ ದಪ್ಪ ಪರದೆ, ಕಿವಿಗೆ ಹತ್ತಿಯಾದರೂ ಸರಿ, ಇವು ಮೊದಲು ಆಗಬೇಕು. ಮನೆ ತಲುಪಿದ ಮೇಲೆಯೇ ಮಾತ್ರೆ. ಆಫೀಸಿನಲ್ಲೇ ನುಂಗಿ ಹೊರವರ್ತುಲ ರಸ್ತೆಯಲ್ಲಿ ಬೈಕ್ ಓಡಿಸುವುದು ಪ್ರಾಣಕ್ಕೆ ಸಂಚಕಾರ.

ಈಗ ಡಬ್ಬವನ್ನು ಕೈಗೆತ್ತಿಕೊಳ್ಳೋಣ. ಮುಂಬದಿಯಲ್ಲಿ ಚಂದ್ರ, ನಕ್ಷತ್ರ, ದಪ್ಪಕ್ಷರದಲ್ಲಿ '10 ಮಿ.ಗ್ರಾಂ'. ತಿರುಗಿಸಿದರೆ ಮೂರು ಕಡೆ ಕಣ್ಣು ಹಾಯಿಸಬೇಕು. ಮೊದಲನೆಯದು 'ಸರ್ವಿಂಗ್' ಅಂದರೆ ಎಷ್ಟು ಎಂಬುದು. ಹಲವು ಗಮ್ಮಿಗಳಲ್ಲಿ ಒಂದು ಸರ್ವಿಂಗ್ ಅಂದರೆ ಎರಡು ಗಮ್ಮಿ. 30 ಗಮ್ಮಿಯ ಡಬ್ಬ ತಿಂಗಳಿಗಾಗುತ್ತದೆಂದು ಕೊಂಡಿರಿ, ಅದು ಹದಿನೈದೇ ದಿನಕ್ಕೆ ಮುಗಿಯಿತು. ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಿದರೆ ಸಾದಾ ಮಾತ್ರೆಯ ಸ್ಟ್ರಿಪ್ಪಿಗೂ ಗಮ್ಮಿಗೂ ಇರುವ ಅಂತರ ಆಗ ಕಾಣುತ್ತದೆ. ಎರಡನೆಯದು ಪರವಾನಗಿ. ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇದ್ದರೆ ಅದು ಕಾನೂನಿನ ಕಣ್ಣಲ್ಲಿ ಆಹಾರ. ಅಲ್ಲೇ ಪಕ್ಕದಲ್ಲಿ 'ಔಷಧೀಯ ಬಳಕೆಗಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು, ದಿನದ ಮಿತಿ ಮೀರಬೇಡಿ, ಮಕ್ಕಳ ಕೈಗೆ ಸಿಗದಂತಿಡಿ ಎಂಬ ಎಚ್ಚರಿಕೆ ಇರಬೇಕು. ಇವಿಲ್ಲದ ಡಬ್ಬವನ್ನು ಅಲ್ಲೇ ವಾಪಸ್ ಇಡಿ. ಆಯುರ್ವೇದ ತಯಾರಿಕೆಯಾದರೆ ಆಯುಷ್ ಉತ್ಪಾದನಾ ಪರವಾನಗಿ ಸಂಖ್ಯೆ ಬೇರೆ ಇರುತ್ತದೆ. ಮೂರನೆಯದು, ಪ್ರತಿಯೊಂದು ಪದಾರ್ಥದ ಎದುರು ಮಿಲಿಗ್ರಾಂ ಇದೆಯೇ ಎಂಬುದು. 'ಹರ್ಬಲ್ ಬ್ಲೆಂಡ್ 500 ಮಿ.ಗ್ರಾಂ' ಎಂದು ಒಟ್ಟಿಗೆ ಬರೆದು ಒಳಗೆ ಯಾವುದೆಷ್ಟು ಎಂದು ಮುಚ್ಚಿಟ್ಟಿದ್ದರೆ, ಕೊಳ್ಳುವವರಿಗೆ ಪ್ರಮಾಣ ತಿಳಿಯದಿರಲಿ ಎಂಬ ಉದ್ದೇಶವೇ ಅಲ್ಲಿರುವುದು.

ಇನ್ನು ಅಮೆರಿಕದಲ್ಲಿರುವ ಮಗನೋ ಮಗಳೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ದೊಡ್ಡ ಡಬ್ಬ. ಬೆಂಗಳೂರಿನ ಎಷ್ಟೋ ಅಪ್ಪ ಅಮ್ಮಂದಿರ ತಲೆದಿಂಬಿನ ಪಕ್ಕ ಇದಿರುತ್ತದೆ. 2023ರಲ್ಲಿ ಅಲ್ಲಿನ 25 ಗಮ್ಮಿ ಡಬ್ಬಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿಗೂ ಒಳಗಿನ ಪ್ರಮಾಣಕ್ಕೂ ತಾಳೆಯಿರಲಿಲ್ಲ. ಮೆಲಟೋನಿನ್ ಇದ್ದ ಡಬ್ಬಗಳಲ್ಲಿ ಪ್ರಮಾಣ ಬರೆದದ್ದರ ಶೇ. 74ರಿಂದ ಶೇ. 347ರವರೆಗೆ ಹರಡಿತ್ತು, ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ. ಕೆನಡಾದಲ್ಲಿ 2017ರಲ್ಲಿ ನೋಡಿದ 31 ಉತ್ಪನ್ನಗಳಲ್ಲಿ ಎಂಟರೊಳಗೆ ಲೇಬಲ್ಲಿನಲ್ಲಿಲ್ಲದ ಸೆರೊಟೋನಿನ್ (ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕ) ಸಿಕ್ಕಿತು. ಮೆಲಟೋನಿನ್ ಕಾಲ ಕಳೆದಂತೆ ಸತ್ವ ಕಳೆದುಕೊಳ್ಳುವುದರಿಂದ ತಯಾರಕರು ಮುಂಚಿತವಾಗಿಯೇ ಹೆಚ್ಚು ತುಂಬುವುದುಂಟು. ಗಮ್ಮಿಯ ಪಾಕದಲ್ಲಿ ಅದು ಎಲ್ಲ ತುಂಡಿಗೂ ಸಮನಾಗಿ ಹಂಚಿಕೆಯಾಗುವುದೂ ಕಷ್ಟ. ಆದ್ದರಿಂದ ಕೊಳ್ಳಲೇಬೇಕಾದರೆ ಗಮ್ಮಿ ಬಿಟ್ಟು ಮಾತ್ರೆ ಕೊಳ್ಳಿ, ಸಿಗುವುದರಲ್ಲಿ ಅತಿ ಕಡಿಮೆ ಪ್ರಮಾಣದ್ದನ್ನೇ ಕೇಳಿ. 3 ಮಿ.ಗ್ರಾಂ ಸಾದಾ ಮಾತ್ರೆಯನ್ನು ಅರ್ಧ ಮಾಡಿ ಆರಂಭಿಸಬಹುದು. ನಿಧಾನವಾಗಿ ಬಿಡುಗಡೆಯಾಗುವ ಬಗೆಯದನ್ನು ಮುರಿಯಬಾರದು, ಮುರಿದರೆ ಅದರ ಕಟ್ಟೇ ಕೆಡುತ್ತದೆ.

ಸಿಹಿಯ ಗಮ್ಮಿ ಮಕ್ಕಳ ಕಣ್ಣಿಗೆ ಚಾಕೊಲೇಟೇ. ಅಮೆರಿಕದ ವಿಷಮಾಹಿತಿ ಕೇಂದ್ರಗಳಿಗೆ ಮಕ್ಕಳು ಮೆಲಟೋನಿನ್ ತಿಂದ ಬಗ್ಗೆ ಬಂದ ವರದಿಗಳು 2012ರಲ್ಲಿ 8,337 ಇದ್ದದ್ದು 2021ರಲ್ಲಿ 52,563ಕ್ಕೆ ಏರಿದವು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಗಮ್ಮಿ ಡಬ್ಬ ತರಲೇಬೇಡಿ. ಬ್ರಿಟನ್ನಿನಲ್ಲಿ ಮೆಲಟೋನಿನ್ ಔಷಧಕ್ಕೆ ವೈದ್ಯರ ಚೀಟಿ ಬೇಕು ಎಂಬುದೂ ಇಲ್ಲಿ ನೆನಪಿರಲಿ.

ಯಾರಿಗೆ ಇದು ಆಗದು? ಗರ್ಭಿಣಿಯರು, ಹಾಲೂಡಿಸುವವರು ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್, ಬಿಪಿಗೆ ನಿಫೆಡಿಪೈನ್, ಫಿಟ್ಸ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಗೀಳು ರೋಗಕ್ಕೆ ಕೊಡುವ ಫ್ಲುವಾಕ್ಸಮೈನ್ ಮೆಲಟೋನಿನ್ ಅನ್ನು ಒಡೆಯುವ ಲಿವರ್ ಕಿಣ್ವವನ್ನೇ ತಡೆಯುತ್ತದೆ, ಆಗ ಸಣ್ಣ ಮಾತ್ರೆಯೂ ದೊಡ್ಡದಾಗಿ ಕೂರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು: ರಕ್ತದಲ್ಲಿ ಮೆಲಟೋನಿನ್ ಏರಿದ ಹೊತ್ತಿನಲ್ಲಿ ಊಟ ಮಾಡಿದರೆ ಸಕ್ಕರೆ ನಿಭಾಯಿಸುವ ಶಕ್ತಿ ತಗ್ಗುತ್ತದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಮನೆ ಸೇರಿ ರಾತ್ರಿ ಹತ್ತಕ್ಕೆ ಅನ್ನ ಸಾರು ಉಂಡು, ಹತ್ತೂಕಾಲಿಗೆ ಮಾತ್ರೆ ನುಂಗುವುದು ಇವರಿಗೆ ಸರಿಹೋಗದು. ಊಟಕ್ಕೂ ಮಾತ್ರೆಗೂ ಎರಡು ಗಂಟೆಯಾದರೂ ಅಂತರವಿರಲಿ.

ಅಶ್ವಗಂಧ, ನಮ್ಮ ಹಳ್ಳಿಗಳ ಹಿರೇಮದ್ದು. ಇದು ರಾತ್ರಿ ನುಂಗಿ ರಾತ್ರಿಯೇ ಫಲ ಕಾಣುವ ವಸ್ತುವಲ್ಲ. ಐದು ಪ್ರಯೋಗಗಳ 400 ಜನರ ಫಲಿತಾಂಶ ಸೇರಿಸಿದ 2021ರ ವಿಶ್ಲೇಷಣೆಯಲ್ಲಿ ಸಣ್ಣ ಲಾಭ ಕಂಡಿತು. ದಿನಕ್ಕೆ 600 ಮಿ.ಗ್ರಾಂ ಅಥವಾ ಹೆಚ್ಚು, ಎಂಟು ವಾರ ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ಅದು ಸ್ಪಷ್ಟವಾಗಿತ್ತು. ಆ 600 ಮಿ.ಗ್ರಾಂ ಬೇರಿನ ಸಾರದ್ದು, ಚೂರ್ಣದ್ದಲ್ಲ. ಗ್ರಂಧಿಗೆ ಅಂಗಡಿಯ ಪುಡಿಯನ್ನು ಅದೇ ಅಳತೆಯಲ್ಲಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಡಬ್ಬದ ಮೇಲೆ 'ರೂಟ್ ಎಕ್ಸ್‌ಟ್ರ್ಯಾಕ್ಟ್' ಎಂದೂ ಅದರ ಮುಖ್ಯ ಸತ್ವವಾದ ವಿಥನೊಲೈಡ್ ಶೇಕಡಾ ಎಷ್ಟೆಂದೂ ಬರೆದಿರಬೇಕು. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿತ್ತು.

'ಗಿಡಮೂಲಿಕೆ ತಾನೇ, ಏನಾಗುತ್ತೆ' ಅನ್ನುವ ಮಾತು ಇಲ್ಲಿ ಅಪಾಯಕಾರಿ. ಅಶ್ವಗಂಧ ಆರಂಭಿಸಿದ ಎರಡರಿಂದ ಹನ್ನೆರಡು ವಾರದೊಳಗೆ ಕಾಮಾಲೆ ಮತ್ತು ವಿಪರೀತ ತುರಿಕೆ ಬಂದ ಪ್ರಕರಣಗಳು ಐಸ್‌ಲ್ಯಾಂಡ್, ಅಮೆರಿಕಗಳಿಂದಲೂ ನಮ್ಮ ದೇಶದಿಂದಲೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹೆಚ್ಚಿನವರು ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು. ಆದರೆ ಮೊದಲೇ ಲಿವರ್ ಕಾಯಿಲೆ ಇದ್ದವರಿಗೆ ಅದು ಜೀವಕ್ಕೇ ಬಂದಿದೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈಯೆಲ್ಲ ತುರಿಸಿದರೆ ಆ ಕ್ಷಣವೇ ನಿಲ್ಲಿಸಿ ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಮಾಡಿಸಿ. ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಬೆಳಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುವ ಹೆಂಗಸರು ನಮ್ಮಲ್ಲಿ ಮನೆಗೊಬ್ಬರು, ಅವರು ಇದನ್ನು ಸೇರಿಸಿಕೊಂಡರೆ ಎದೆ ಹೊಡೆದುಕೊಳ್ಳುವುದು, ಬೆವರು, ನಿದ್ದೆ ಇನ್ನಷ್ಟು ಹಾರುವುದು ಎಲ್ಲ ಆಗಬಹುದು. ಗರ್ಭಿಣಿಯರಿಗೆ ಖಂಡಿತ ಬೇಡ.

ಮೆಗ್ನೀಸಿಯಮ್ ಬಗ್ಗೆ ಒಂದು ಕೂಡಿಸು-ಕಳೆ ಲೆಕ್ಕ ಸಾಕು. 'ಮೆಗ್ನೀಸಿಯಮ್ ಗ್ಲೈಸಿನೇಟ್ 500 ಮಿ.ಗ್ರಾಂ' ಎಂದು ಬರೆದ ಕ್ಯಾಪ್ಸೂಲಿನಲ್ಲಿ ನಿಜವಾದ ಮೆಗ್ನೀಸಿಯಮ್ ಸುಮಾರು ಶೇ. 14, ಅಂದರೆ 70 ಮಿ.ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 140 ಮಿ.ಗ್ರಾಂ ಇದೆ. ಎಲ್ಲವೂ ಮೈಗೆ ಹತ್ತುವುದಿಲ್ಲ, ಆದರೆ ಮೊಳಕೆ ಬರಿಸಿದ ರಾಗಿಯಾದರೆ ಹೀರಿಕೆಗೆ ಅಡ್ಡಬರುವ ಫೈಟೇಟ್ ತಗ್ಗುತ್ತದೆ. ಒಂದು ಮುದ್ದೆ, ಸೊಪ್ಪಿನ ಸಾರು, ಒಂದು ಹಿಡಿ ಕಡಲೆಕಾಯಿ, ಇಷ್ಟರ ಮುಂದೆ ಕ್ಯಾಪ್ಸೂಲ್ ಸಪ್ಪೆ. ಮೆಗ್ನೀಸಿಯಮ್ ಕೊರತೆ ಇಲ್ಲದವರ ನಿದ್ದೆಗೆ ಅದು ನೆರವಾಗುತ್ತದೆ ಎನ್ನಲು ಗಟ್ಟಿ ಸಾಕ್ಷ್ಯವೂ ಇಲ್ಲ. ಆಕ್ಸೈಡ್ ಬಗೆಯದು ಭೇದಿ ಮಾಡಿಸುತ್ತದೆ. ಕಿಡ್ನಿ ಕೆಟ್ಟವರಲ್ಲಿ ಮೆಗ್ನೀಸಿಯಮ್ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸಬಹುದು, ಅವರು ವೈದ್ಯರ ಮಾತಿಲ್ಲದೆ ಮುಟ್ಟುವಂತಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು.

ತಗರ ಅಂದರೆ ಹಿಮಾಲಯದ ವಲೇರಿಯನ್. ಬೇರಿನ ವಾಸನೆ ಬೆವತ ಕಾಲುಚೀಲದಂತೆ, ಅದು ಕೆಟ್ಟುಹೋದದ್ದರ ಗುರುತಲ್ಲ. ಫಲಿತಾಂಶಗಳು ಒಂದು ಅಧ್ಯಯನದಲ್ಲಿ ಹೌದು, ಇನ್ನೊಂದರಲ್ಲಿ ಇಲ್ಲ. ದುಡ್ಡು ಹಾಕುವಷ್ಟು ಭರವಸೆ ನಮಗಿಲ್ಲ. ಜಟಾಮಾಂಸಿ ಬೆಟ್ಟಗಳಲ್ಲಿ ಅಳಿವಿನಂಚಿಗೆ ಬಂದ ಗಿಡ, ನಿದ್ದೆಗೆಂದು ಅದನ್ನು ಕೊಳ್ಳದಿರುವುದೇ ಒಳ್ಳೆಯದು. ಗಸಗಸೆ ಪಾಯಸ ಹಬ್ಬದೂಟದ ಜೊತೆಗೆ ಚೆನ್ನ. ಜಾಯಿಕಾಯಿಯನ್ನು ಹಾಲಿಗೆ ಚಿಟಿಕೆಯಷ್ಟು ತೇಯ್ದು ಹಾಕುವುದು ಸರಿ, ಆದರೆ 'ಹೆಚ್ಚು ಹಾಕಿದರೆ ಹೆಚ್ಚು ನಿದ್ದೆ' ಎಂದು ಇಡೀ ಕಾಯಿ ಪುಡಿ ಮಾಡಿ ಕುಡಿಯಬೇಡಿ. ಐದು ಗ್ರಾಂ, ಅಂದರೆ ಒಂದು ಕಾಯಿಯ ಅಳತೆಗೇ ಎದೆಬಡಿತ, ವಾಂತಿ, ಭ್ರಮೆ ಬರುವುದುಂಟು. ಎಳೆಕೂಸಿಗೆ ತೇಯ್ದು ನೆಕ್ಕಿಸುವುದನ್ನೂ ಬಿಡಬೇಕು.

ಮಿಶ್ರಣಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು 5-ಎಚ್‌ಟಿಪಿ, ಮೈಯಲ್ಲಿ ಸೆರೊಟೋನಿನ್ ಆಗಿ ಬದಲಾಗುವ ಪದಾರ್ಥ. ಖಿನ್ನತೆಗೆ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೇ ನಿದ್ದೆಯ ತೊಂದರೆ ಜಾಸ್ತಿ, ಅವರೇ ಈ ಡಬ್ಬ ಕೊಳ್ಳುವುದೂ ಜಾಸ್ತಿ. ಎರಡೂ ಸೇರಿದರೆ ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗಾಬರಿ, ಮಾಂಸಖಂಡಗಳ ಬಿಗಿತ ಕಾಣಿಸಿಕೊಳ್ಳಬಹುದು. ಇದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಮೇಲಾಗಿ ಮಿಶ್ರಣದಿಂದ ತೊಂದರೆಯಾದರೆ ಯಾವುದರಿಂದ ಆಯಿತೆಂದು ಯಾರಿಗೂ ಹೇಳಲಾಗದು.

ಕೆಮ್ಮಿನ ಸಿರಪ್‌ನ ಡೈಫೆನ್‌ಹೈಡ್ರಮೈನ್, ತುರಿಕೆಗೆ ಕೊಡುವ ಫೆನಿರಮೈನ್ ನಿದ್ದೆ ತರಿಸುವುದು ನಿಜ. ಡೈಫೆನ್‌ಹೈಡ್ರಮೈನ್‌ನ ಮಂಪರು ಮೂರು ನಾಲ್ಕು ದಿನಕ್ಕೆ ಮೈಗೆ ಒಗ್ಗಿಹೋಗುತ್ತದೆ, ಬಾಯಿ ಒಣಗುವುದು, ಮಲಬದ್ಧತೆ ಮಾತ್ರ ಉಳಿಯುತ್ತವೆ. ವಯಸ್ಸಾದವರಲ್ಲಿ ಮೂತ್ರ ಕಟ್ಟುವುದು, ರಾತ್ರಿ ಎದ್ದಾಗ ಬೀಳುವುದು, ಮರೆವು, ಗಲಿಬಿಲಿ. ಪ್ರಾಸ್ಟೇಟ್ ದಪ್ಪಗಾದ ತಾತನಿಗೆ ಒಂದೇ ಮಾತ್ರೆಯಿಂದ ಮೂತ್ರ ನಿಂತು ಆಸ್ಪತ್ರೆಗೆ ಓಡುವ ಸ್ಥಿತಿ ಬರಬಹುದು.

ಚೀಟಿ ಇಲ್ಲದೆ ಸ್ಟ್ರಿಪ್ಪಿನಿಂದ ಕತ್ತರಿಸಿ ನಾಲ್ಕು ಸಣ್ಣ ಮಾತ್ರೆ ಕೈಗಿಟ್ಟರೆ ಹೆಸರು ಓದಿ. ಅಲ್ಪ್ರಜೋಲಾಮ್, ಡಯಾಜಿಪಾಮ್, ಜೋಲ್ಪಿಡೆಮ್ ಆಗಿದ್ದರೆ ಅವು ಶೆಡ್ಯೂಲ್ ಎಚ್1 ಔಷಧಗಳು. ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದೇ ಕೊಡಬೇಕಾದಂಥವು. ಕತ್ತರಿಸಿದ ತುಂಡಿನಲ್ಲಿ ಹೆಸರೂ ದಿನಾಂಕವೂ ಕಾಣದಿದ್ದರೆ ತೆಗೆದುಕೊಳ್ಳಬೇಡಿ. ಈಗಾಗಲೇ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಹಠಾತ್ತನೆ ನಿಲ್ಲಿಸಲೂ ಬೇಡಿ, ಫಿಟ್ಸ್ ಬರಬಹುದು. ವೈದ್ಯರ ಕೈಯಲ್ಲಿ ನಿಧಾನವಾಗಿ ಇಳಿಸಬೇಕು.

ಯಾವುದನ್ನೇ ಕೊಳ್ಳುವ ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ಎರಡು ವಾರ ಪ್ರತಿ ಬೆಳಗ್ಗೆ ಐದು ಅಂಶ ಬರೆಯಿರಿ: ದೀಪ ಆರಿಸಿದ್ದು, ನಿದ್ದೆ ಹತ್ತಿದ್ದು ಅಂದಾಜು, ಎಷ್ಟು ಸಲ ಎಚ್ಚರವಾಯಿತು, ಎದ್ದದ್ದು, ಹಿಂದಿನ ದಿನದ ಕೊನೆಯ ಕಾಫಿ. ಕೆಫೀನಿನ ಅರ್ಧಾಂಶ ಮೈಬಿಡಲು ಸುಮಾರು ಐದು ಗಂಟೆ ಬೇಕು. ಮಲಗುವ ಆರು ಗಂಟೆ ಮೊದಲು 400 ಮಿ.ಗ್ರಾಂ ಕೆಫೀನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾಯಿತು. ಒಂದು ಲೋಟ ಫಿಲ್ಟರ್ ಕಾಫಿಯಲ್ಲಿ ಅಷ್ಟಿರುವುದಿಲ್ಲ, ಆದರೆ ಸಂಜೆ ಐದಕ್ಕೊಂದು, ಏಳಕ್ಕೊಂದು ಬೈಟೂ ಎಂದು ಸೇರುತ್ತಾ ಹೋಗುತ್ತದೆ. ಬಳಿಕ ಮಾತ್ರೆಯೊಂದಿಗೆ ಎರಡು ವಾರ ಅದೇ ರೀತಿ ಬರೆಯಿರಿ. ವ್ಯತ್ಯಾಸ ಕಾಲು ಗಂಟೆಗೂ ಬರದಿದ್ದರೆ ಮುಂದಿನ ಡಬ್ಬ ತರಬೇಡಿ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಅದು ನಿದ್ರಾಹೀನತೆಯ ಕಾಯಿಲೆ. ಅದಕ್ಕೆ ಮೊದಲ ಚಿಕಿತ್ಸೆ ಸಿಬಿಟಿ-ಐ ಎಂಬ ನಡವಳಿಕೆ ತರಬೇತಿ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೂ ಯುರೋಪಿನ ತಜ್ಞರು 2017ರಲ್ಲೂ ಹೇಳಿದರು. ಅದರ ತಿರುಳು: ಯಾವಾಗ ಮಲಗಿದರೂ ಏಳುವ ಹೊತ್ತು ಒಂದೇ, ಇಪ್ಪತ್ತು ನಿಮಿಷ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟೇಳುವುದು, ಹಾಸಿಗೆಯಲ್ಲಿ ಫೋನೂ ಲ್ಯಾಪ್‌ಟಾಪೂ ಇಲ್ಲ, ಮಲಗಿರುವ ಒಟ್ಟು ಅವಧಿಯನ್ನು ನಿಜವಾದ ನಿದ್ದೆಯ ಅವಧಿಗೆ ಹತ್ತಿರ ತಂದು ಮೆಲ್ಲಗೆ ಹಿಗ್ಗಿಸುವುದು. ಮೊದಲ ಎರಡು ವಾರ ಹಗಲು ತೂಕಡಿಕೆ ಹೆಚ್ಚುತ್ತದೆ, ಬಹಳ ಜನ ಅಲ್ಲಿಗೇ ಬಿಡುತ್ತಾರೆ. ಫಿಟ್ಸ್, ಬೈಪೋಲಾರ್ ಇರುವವರು, ವಾಹನ ಓಡಿಸುವ ಕೆಲಸದವರು ಅವಧಿ ಕುಗ್ಗಿಸುವ ಭಾಗವನ್ನು ತಾವಾಗಿ ಮಾಡಬಾರದು.

ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಬೆಳಗ್ಗೆ ತಲೆನೋವು ಇದ್ದರೆ ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ ಇರಬಹುದು. ಮಲಗಿದೊಡನೆ ಕಾಲು ಎಳೆದಾಡಿದಂತೆ, ಜುಮುಜುಮು ಎಂದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಪರೀಕ್ಷೆ ಮಾಡಿಸಿ, 75ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆಯಿಂದಲೇ ನಿದ್ದೆ ಸರಿಹೋಗಬಹುದು. ಮನಸ್ಸಿನ ಭಾರ ನಿದ್ದೆ ಕೆಡಿಸುತ್ತಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಹೊರರೋಗಿ ವಿಭಾಗವಿದೆ. ಅಷ್ಟು ದೂರ ಹೋಗುವ ಮೊದಲು ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವೈದ್ಯರ ಬಳಿ ಹೋಗುವಾಗ ನೋಟ್‌ಬುಕ್ಕಿನ ಜೊತೆ ಮನೆಯಲ್ಲಿರುವ ಎಲ್ಲ ಡಬ್ಬ, ಸ್ಟ್ರಿಪ್, ಚೂರ್ಣದ ಪೊಟ್ಟಣಗಳನ್ನು ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. 'ಯಾವುದೋ ನಿದ್ದೆ ಗಮ್ಮಿ ತಿಂತೀನಿ ಡಾಕ್ಟ್ರೇ' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.